ನೀರಿಗೆ ಕೊಟ್ಟ ತೂಕ

"ಇದೇ ಜಾಗ ಆಗ್ಲಿ ಬಿಡ್ರಿ" ಎಂದರು ಮೇಲಧಿಕಾರಿ ಉಮಾಮಹೇಶ್ವರ, ಜೀಪಿನಿಂದ ಇಳಿಯುತ್ತಲೇ. "ಮೆಡಿಕಲ್ ಕಾಲೇಜು ಕೂಗಳತಿಯೊಳಗ ಐತಿ. ನಿಮ್ಮ ಮನಿ ಅದಕ್ಕಿಂತ ಹತ್ರ."

ಸುಮಿತ್ರ ನಕ್ಕಳು. ಉಳ್ಳೂರಿನ ಆ ತಗ್ಗು ಗದ್ದೆಯಾಚೆ ಅವಳ ಬಾಡಿಗೆ ಮನೆಯ ಹೆಂಚು ಕಾಣುತ್ತಿತ್ತು. ಗಂಡ ರಾಮದಾಸ ಬಾಹ್ಯಾಕಾಶ ಕೇಂದ್ರದಲ್ಲಿ ವಿಜ್ಞಾನಿ. ಮಗಳು ಸಂಹಿತಾ ಐದನೇ ತರಗತಿ. ಸುಮಿತ್ರ ಮಾತ್ರ ಎರಡು ವರ್ಷದಿಂದ ಕೊಚ್ಚಿಯ ಹಾಸ್ಟೆಲಿನಲ್ಲಿದ್ದು, ಶನಿವಾರದ ರೈಲಿಗೆ ಕಾಯುವವಳು. ಅವಳಿದ್ದ ಸರ್ಕಾರಿ ಔಷಧ ಸರಬರಾಜು ಕಚೇರಿಗೆ ಹೊಸ ಗೋದಾಮು ಬೇಕಿತ್ತು. ಗೋದಾಮು ಎಲ್ಲಾಗುವುದೋ ಅಲ್ಲಿಗೆ ಅವಳೇ ಅಧಿಕಾರಿ. ಜಾಗ ಆರಿಸುವ ಹೊಣೆಯೂ ಅವಳ ತಲೆಗೇ ಬಂದಿತ್ತು.

ರಸ್ತೆ, ಬಂದರು, ಆಸ್ಪತ್ರೆಗಳ ದೂರ, ಸುತ್ತಲಿನ ನೆಲಜಲಕ್ಕಾಗುವ ಹಾನಿ, ಹೀಗೆ ಒಂದೊಂದಕ್ಕೂ ತೂಕ ಕೊಟ್ಟು ಅಳೆಯಬೇಕು. ಜಾಗ ನೋಡುವ ಮೊದಲೇ ಅವಳು ತೂಕಗಳನ್ನು ಗೊತ್ತು ಮಾಡಿದ್ದಳು. ವಾಹನಗಳ ಒತ್ತಡದಿಂದ ಕೊಚ್ಚಿಯ ಎಡಪ್ಪಳ್ಳಿ ಬೇಗನೆ ಪಟ್ಟಿಯಿಂದ ಬಿದ್ದುಹೋಯಿತು. ಉಳಿದದ್ದು ಉಳ್ಳೂರು ಮತ್ತು ಕೊಚ್ಚಿಯಲ್ಲೇ ಇದ್ದ ವಿಲ್ಲಿಂಗ್ಡನ್ ಐಲ್ಯಾಂಡಿನ ಹಳೆಯ ಖಾಲಿ ಗೋದಾಮು. ಅದಕ್ಕೆ ಗೋಡೆಯಿತ್ತು, ಪಕ್ಕದಲ್ಲೇ ರೈಲಿತ್ತು. ಹೊಸದಾಗಿ ಒಂದು ಬುಟ್ಟಿ ಮಣ್ಣು ಸುರಿಯಬೇಕಿರಲಿಲ್ಲ.

ಉಳ್ಳೂರಿನ ಗದ್ದೆಯನ್ನೋ ಆಳೆತ್ತರ ತುಂಬಿಸಬೇಕು. ಗುಡ್ಡದ ಮಳೆನೀರೆಲ್ಲ ಅಲ್ಲಿ ನಿಂತು, ಇಂಗಿ, ಸುತ್ತಲ ಬಾವಿಗಳಿಗೆ ಇಳಿಯುತ್ತಿತ್ತು. ಕಳೆದ ಬೇಸಿಗೆಯಲ್ಲಿ ನಲ್ಲಿ ಕೈಕೊಟ್ಟಾಗ ನೆರೆಮನೆಯ ತಂಗಮ್ಮ ಕೇಳುವ ಮೊದಲೇ ತನ್ನ ಬಾವಿಯ ಹಗ್ಗವನ್ನು ರಾಮದಾಸನ ಕೈಗೆ ಕೊಟ್ಟಿದ್ದಳು.

ಕೊಚ್ಚಿಯ ಕಚೇರಿಗೆ ಮರಳಿದ ಮೇಲೆ ಉಮಾಮಹೇಶ್ವರ ಕುರ್ಚಿ ಹತ್ತಿರ ಎಳೆದರು. "ನೀರಿನ ತೂಕ ಒಂಚೂರು ಇಳಿಸ್ರಿ. ಉಳ್ಳೂರು ಮುಂದ ಬರ್ತೈತಿ. ನಾ ಸಹಿ ಹಾಕ್ತೀನಿ, ಯಾರೂ ಕೇಳಂಗಿಲ್ಲ. ಕೂಸಿನ ಜೊತಿ ಇರ್ರಿ."

ಆ ಮಾತಿನಲ್ಲಿ ಕಪಟವಿರಲಿಲ್ಲ, ಕಷ್ಟವಾದದ್ದು ಅದಕ್ಕೇ. ಸುಮಿತ್ರ ಪೆನ್ಸಿಲಿನಲ್ಲಿ ಅಂಕಿ ಬದಲಿಸಿ ಕೂಡಿದಳು. ಉಳ್ಳೂರು ಗೆದ್ದಿತು. ಬೆಳಿಗ್ಗೆ ಮಗಳ ಡಬ್ಬಿಗೆ ದೋಸೆ ಹಾಕುವುದು, ಸಂಜೆ ಗೇಟಿನಲ್ಲಿ ನಿಲ್ಲುವುದು ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಆಮೇಲೆ ರಬ್ಬರಿಗೆ ಕೈ ಹಾಕಿದಳು.

"ಆ ಬಾವಿಗಳು ಬತ್ತಿಹೋದ್ರೆ, ನಾನು ಆ ಬೀದೀಲಿ ಹೇಗೆ ಓಡಾಡ್ಲಿ ಸಾರ್?"

ಉಮಾಮಹೇಶ್ವರ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ಹಂಗಾರ ಐಲ್ಯಾಂಡೇ ಬರೀರಿ" ಎಂದರು.

ಆ ಶನಿವಾರ ಸಂಜೆ ಮನೆಯಲ್ಲಿ ವಿಷಯ ಕೇಳಿ ರಾಮದಾಸ ಕನ್ನಡಕ ತೆಗೆದು ಒರೆಸಿದ. "ಸರಿಯಾಗೇ ಮಾಡಿದ್ದೀಯ. ಆದ್ರೆ ನೀನು ಬಂದೇ ಬಿಡ್ತೀಯ ಅಂತ ಸಂಹಿತಾಗೆ ಹೇಳಿಬಿಟ್ಟಿದ್ದೆ."

ಸಂಹಿತಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. "ಅಮ್ಮ ವರಿಲ್ಲೇ?" ಎಂದಳು ಮಲಯಾಳದಲ್ಲಿ. ಬರಲ್ವಾ ಎಂದು ಕನ್ನಡದಲ್ಲಿ ಕೇಳಿದ್ದರೂ ಅಷ್ಟೇ ಇರಿಯುತ್ತಿತ್ತು.

"ಶನಿವಾರ ಶನಿವಾರ ಬರ್ತೀನಲ್ಲ ಪುಟ್ಟ."

ಹುಡುಗಿ ಬಾಚಣಿಗೆ ಹಿಡಿದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಸುಮಿತ್ರ ಹೋಗಿ ಮೇಲಿನ ಮೆಟ್ಟಿಲಲ್ಲಿ ಕೂತಳು. ಮಗಳು ಇತ್ತ ತಿರುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ಮುಖ ತೋರಿಸದೆಯೇ, ಬಾಚಣಿಗೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು. ಸುಮಿತ್ರ ಅದನ್ನು ತೆಗೆದುಕೊಂಡು, ಕೂದಲ ತುದಿಯ ಸಿಕ್ಕಿನಿಂದ ಶುರುಮಾಡಿ, ನೋಯದ ಹಾಗೆ ಬಿಡಿಸತೊಡಗಿದಳು.