ಚಾಳಿನ ಹಿಂದಿನ ಸಿಹಿನೀರು

ನನ್ನ ಗಂಡನಿಗೆ ಗೊತ್ತಿಲ್ಲದ ವಿಷಯ ಈ ಪ್ರಪಂಚದಲ್ಲೇ ಇಲ್ಲ. ಉಡುಪಿಯಿಂದ ಬಂದು ಈ ಕೋಪರಿಯಲ್ಲಿ ಇಡ್ಲಿ ಹೋಟೆಲು ನಡೆಸುವ ತಾರಾನಾಥರೆಂದರೆ ಇವರೇ. ಲೋಕಲ್ ರೈಲು ಯಾಕೆ ತಡವಾಯಿತೆಂದು ಸ್ಟೇಷನ್ ಮಾಸ್ತರರಿಗಿಂತ ಮೊದಲು ಇವರು ಹೇಳುತ್ತಾರೆ. ಬಾವಿಯ ವಿಷಯವಂತೂ ಕೇಳುವುದೇ ಬೇಡ.

ಬಾವಿ ಇರುವುದು ನಾವಿರುವ ಸಾಲುಮನೆಗಳ ಚಾಳಿನ ಹಿಂದೆ. ಸಮುದ್ರದ ನೀರು ಏರಿ ಇಳಿಯುವ ಖಾಡಿ ಅಲ್ಲಿಂದ ಕೂಗಳತೆಯ ದೂರ. ಆದರೂ ಬಾವಿಯ ನೀರು ಸಿಹಿಯಾಗಿಯೇ ಇತ್ತು.

ಈಗೀಗ ಮಳೆ ಬಂದರೆ ನಾಲ್ಕೇ ದಿನದಲ್ಲಿ ಇಡೀ ಊರನ್ನು ಮುಳುಗಿಸಿ ಹೋಗುತ್ತದೆ, ಆಮೇಲೆ ಮುಖ ತೋರಿಸುವುದಿಲ್ಲ. ಈ ವರ್ಷ ಫೆಬ್ರವರಿಯಲ್ಲೇ ಮೇ ತಿಂಗಳ ಸೆಕೆ. ನಲ್ಲಿಗೆ ನೀರು ಕೊಡುವ ನದಿಯೇ ಸೊರಗಿ, ಎರಡು ದಿನಕ್ಕೊಮ್ಮೆ ನೀರು ಬಂದರೆ ಪುಣ್ಯ ಎನ್ನುವಂತಾಯಿತು. ಕುಡಿಯಲು ಎಲ್ಲರೂ ಬಾವಿಯನ್ನೇ ನಂಬಿದೆವು. ಸೇತುವೆ ಬದಿಯ ಶೆಡ್ಡಿನಿಂದ ಚಂದವ್ವನೂ ಕೊಡ ಹಿಡಿದು ಬರುತ್ತಿದ್ದಳು. ಅವಳು ಕಲಬುರಗಿ ಕಡೆಯವಳು, ಗಂಡ ಸೈದಪ್ಪ ಕಟ್ಟಡ ಕೆಲಸದವನು. ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ.

ಏಪ್ರಿಲಿನಲ್ಲಿ ಬಾವಿಯೂ ತಳ ಕಂಡಿತು.

"ಇದಕ್ಕೆಲ್ಲ ಎಂತ ತಲೆಬಿಸಿ? ಊರಲ್ಲಿ ಬೇಸಗೆ ಬಂದರೆ ಎಲ್ಲರೂ ಮಾಡುವುದೇ. ಎರಡು ಕೋಲು ಆಳ ಮಾಡಿದರೆ ಒರತೆ ಸಿಗ್ತದೆ" ಎಂದರು ಇವರು.

"ಇದು ಉಡುಪಿ ಅಲ್ಲ ಮಾರಾಯ್ರೆ. ಪಕ್ಕದಲ್ಲೇ ಖಾಡಿ ಉಂಟು" ಎಂದೆ.

"ನೀನು ಸುಮ್ಮನಿರು ಪ್ರಫುಲ್ಲಾ. ನಾನು ನೋಡದ ಬಾವಿಯಾ?"

ಸೈದಪ್ಪನನ್ನು ಬಾವಿಗೆ ಇಳಿಸಿದರು. ಅವನು ಕಲ್ಲು ಒಡೆಯುತ್ತಾ ಹೋದ. ಒಂದು ಮಧ್ಯಾಹ್ನ ಕೆಳಗಿನಿಂದ ಅವನ ಕೂಗು ಕೇಳಿಸಿತು, ನೀರು ಬುಳುಬುಳು ಎಂದು ಉಕ್ಕಿ ಬಂತು. ಚಾಳಿನವರೆಲ್ಲ ಚಪ್ಪಾಳೆ ತಟ್ಟಿದರು. ಇವರು ಬಾವಿಕಟ್ಟೆಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಅಗೆದವನ ಮನೆಯವರೇ ಮೊದಲು ಕುಡಿಯಬೇಕೆಂದು ಚಂದವ್ವನ ಬೊಗಸೆಗೆ ನೀರು ಹೊಯ್ದರು. ಅವಳು ಬಾಯಿಗೆ ಹಾಕಿಕೊಂಡವಳು ನುಂಗಲಿಲ್ಲ, ಪಕ್ಕಕ್ಕೆ ಉಗಿದಳು.

"ಉಪ್ಪ ಅದರೀ" ಎಂದಳು.

ಆಮೇಲೆ ಇವರು ಮಾಡದ್ದಿಲ್ಲ. ಪಂಪು ಇಟ್ಟು ನೀರನ್ನೆಲ್ಲ ಹೊರಗೆ ಹಾಕಿಸಿದರು, ಉಪ್ಪು ಇನ್ನೂ ಹೆಚ್ಚಾಯಿತು. ಅಗೆದ ಗುಂಡಿಗೆ ಜೇಡಿಮಣ್ಣು ತುಂಬಿಸಿದರು, ಅದೂ ದಂಡವಾಯಿತು. ಒಳಗೆ ಬಂದ ಸಮುದ್ರವನ್ನು ಹಿಂದಕ್ಕೆ ಕಳಿಸುವ ವಿದ್ಯೆ ಇವರಿಗೂ ಗೊತ್ತಿರಲಿಲ್ಲ. ನನಗೆ ಸಿಟ್ಟು ಬಂದಿತ್ತು, ಬೈಯಬೇಕೆಂದೂ ಇದ್ದೆ. ಆದರೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿ ಕೂತ ಮನುಷ್ಯನಿಗೆ ಏನೆಂದು ಬೈಯಲಿ? ಆಳ ಮಾಡದಿದ್ದರೆ ಇದ್ದದ್ದಾದರೂ ಎಷ್ಟು ನೀರು?

ಈಗ ದಿನಾ ಬೆಳಿಗ್ಗೆ ಒಂದು ಕೊಡ ಸೇದಿ ರುಚಿ ನೋಡುತ್ತಾರೆ. ನಿನ್ನೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಟ್ಯಾಂಕರಿನ ಸಾಲಿಗೆ ಹೊರಟಿದ್ದ ಚಂದವ್ವನನ್ನು ಕರೆದರು.

"ಇವತ್ತು ಉಪ್ಪು ಸ್ವಲ್ಪ ಕಮ್ಮಿ ಉಂಟಲ್ಲಾ? ನೀನೇ ನೋಡು."

ಅವಳು ಅಂಗೈಯಲ್ಲಿ ನೀರು ಹಿಡಿದು ಕುಡಿದಳು. ಇವರ ಮುಖ ನೋಡಿದಳು.

"ಹೌದ್ರೀ ಅಣ್ಣಾರ, ಕಮ್ಮಿ ಆಗ್ಯಾದ."

ಎಷ್ಟೋ ದಿನಗಳ ಮೇಲೆ ಇವರು ನಕ್ಕರು. ಅಷ್ಟರಲ್ಲಿ ಬಾಯಾರಿದ ಮಗು ಅವಳ ಒದ್ದೆ ಕೈಯನ್ನು ಹಿಡಿದೆಳೆದು ಚೀಪಲು ಹೋಯಿತು. ಚಂದವ್ವ ತಟ್ಟನೆ ಕೈ ಕಿತ್ತುಕೊಂಡು ಸೆರಗಿಗೆ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು.

ಇವರು ಅದನ್ನು ನೋಡಿಬಿಟ್ಟರು.