ಕುರ್ಚಿ ಹಾಕಿ ಪಳಗಿಸಿದ ಸರ್ಕಲ್

ಆ ಸರ್ಕಲ್ ಎಂಥದ್ದೆಂದರೆ, ಅದರ ಮೇಲೆ ಹಾರುವ ಕಾಗೆಗಳೂ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿಕೊಂಡೇ ರೆಕ್ಕೆ ಬಡಿಯುತ್ತಿದ್ದವು. ಐದು ದಿಕ್ಕಿನಿಂದ ಐದು ರಸ್ತೆಗಳು ಓಡಿಬಂದು ಒಂದರ ಕುತ್ತಿಗೆ ಮೇಲೊಂದು ಬೀಳುತ್ತಿದ್ದವು. ಎದುರು ಅಂಗಡಿಯಿಂದ ಬೆಂಕಿಪೊಟ್ಟಣ ತರಲು ಹೊರಟವರು ಮನೆಮಂದಿಯನ್ನೆಲ್ಲ ಕೂರಿಸಿ, ಯಾರು ಯಾರನ್ನು ನೋಡಿಕೊಳ್ಳಬೇಕೆಂದು ಹೇಳಿ ಹೊರಡುತ್ತಿದ್ದರು. ಈಚೆ ದಡದ ಮಕ್ಕಳಿಗೆ ಆಚೆ ದಡದ ಸೋದರತ್ತೆಯ ಮುಖ ಗೊತ್ತಿರಲಿಲ್ಲ, ಬೀಸುವ ಕೈ ಮಾತ್ರ ಗೊತ್ತಿತ್ತು.

ಈಚೆ ದಡದಲ್ಲಿ ಕುರ್ಚಿಯಪ್ಪನ ಅಂಗಡಿ, ಅದಕ್ಕೆ ಅಂಟಿಕೊಂಡೇ ಮನೆ. ಮದುವೆಯಾಗಲಿ, ಸಭೆಯಾಗಲಿ, ಶಾಲೆಯ ನಾಟಕವಾಗಲಿ, ಕುರ್ಚಿ, ಕಂಬ, ಮೇಲ್ಕಟ್ಟಿನ ಬಟ್ಟೆ, ಮೈಕು ಎಲ್ಲ ಅವನ ಬಾಡಿಗೆಯವೇ. "ನನ್ನ ಕುರ್ಚಿಗಳನ್ನ ಒಂದರ ಮೇಲೊಂದು ಪೇರಿಸಿದ್ರೆ ಚಂದ್ರನ ಮೇಲೆ ಕೂತು ಕಾಲು ಇಳಿಬಿಡಬಹುದು" ಎಂದು ಅವನು ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರು ಮೂರು ಲೋಕದಲ್ಲಿ ಇರಲಿಲ್ಲ.

ಆಚೆ ದಡದಲ್ಲಿ, ಸರಿಯಾಗಿ ಎದುರಿಗೆ, ಅವನ ಹೆಂಡತಿಯ ಹೊಲಿಗೆ ಅಂಗಡಿ. ಅವಳು ಒಮ್ಮೆ ಕಣ್ಣಲ್ಲಿ ಅಳೆದರೆ ಟೇಪು ನಾಚಿಕೊಂಡು ತಾನಾಗಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಯಾರದೋ ಹಳೇ ಮಿಷನ್ ತಂದು ಶುರುಮಾಡಿದವಳು, ಸುತ್ತಲಿನ ಶಾಲೆಗಳ ಸಮವಸ್ತ್ರವೆಲ್ಲ ತನ್ನ ಸೂಜಿಯ ಕೆಳಗೇ ಹಾದುಹೋಗುವಂತೆ ಮಾಡಿದ್ದಳು. ಎರಡು ತಿಂಗಳ ಹಿಂದೆ, ತಿರುವಿನಲ್ಲಿ ವೇಗ ತಗ್ಗಿಸದೆ ಬಂದ ಬೈಕೊಂದು ಅವಳನ್ನು ಕೆಡವಿ, ತಿರುಗಿಯೂ ನೋಡದೆ ಹೋಯಿತು. ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಅವಳು ರಸ್ತೆ ದಾಟಲಿಲ್ಲ.

"ಮೂಳೆ ಕೂಡ್ತು ರೀ, ಧೈರ್ಯ ಕೂಡ್ಲಿಲ್ಲ" ಎಂದಳು. "ಆ ಮೊಬೈಲ್ ಅಂಗಡಿಯವನು ಜಾಗ ಕೇಳ್ತಾನೇ ಇದಾನೆ. ಭಾನುವಾರ ಬೀಗದ ಕೈ ಕೊಟ್ಬಿಡ್ತೀನಿ."

"ಎಲ್ಲಾದ್ರೂ ಉಂಟಾ! ದಿನಾ ವ್ಯಾನಲ್ಲಿ ಕೂರಿಸ್ಕೊಂಡು ಸುತ್ತಿ ಬಿಟ್ಟುಬರ್ತೀನಿ ಕಣೇ."

"ಕುರ್ಚಿ ಜೊತೆ ನನ್ನನ್ನೂ ಹೇರ್ಕೊಂಡು ಹೋಗ್ತೀರಾ? ಮಕ್ಕಳ ಕೈ ಹಿಡ್ಕೊಂಡು ಬರೋ ಗಿರಾಕಿಗಳನ್ನ ಯಾರು ಹೇರ್ಕೊಂಡು ಬರ್ತಾರೆ? ನನ್ನ ಅಂಗಡಿಗೆ ನಾನು ನಡ್ಕೊಂಡು ಹೋಗ್ಬೇಕು. ಇಲ್ಲಾಂದ್ರೆ ಬೇಡ."

ಮೂಲೆಯಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದ ಅತ್ತೆ, ಅವಳ ತಾಯಿ, ತಲೆ ಎತ್ತದೆಯೇ ಹೇಳಿದರು. "ಅಳಿಯಂದ್ರು ಊರನ್ನೇ ಹೇರ್ಕೊಂಡು ಬರ್ತಾರೆ ಬಿಡೇ. ಬಾಯಲ್ಲಿ."

ಕುರ್ಚಿಯಪ್ಪ ಆ ಮಾತಿಗೆ ಉರಿದುಬೀಳಲಿಲ್ಲ. ಕತ್ತರಿಯಂಥ ನಾಲಿಗೆಯ ಹೆಂಡತಿ ವಾರಗಟ್ಟಲೆ ಕಿಟಕಿ ಬಳಿ ಕೂತು ಎದುರಿನ ಮುಚ್ಚಿದ ಷಟರನ್ನೇ ನೋಡುತ್ತಿದ್ದಳು, ಅವನು ಅನ್ನಕ್ಕೆ ಉಪ್ಪು ಸುರಿದುಕೊಂಡರೂ ಬೈಯುತ್ತಿರಲಿಲ್ಲ. ಅದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ನೆಟ್ಟಗೆ ಟ್ರಾಫಿಕ್ ಠಾಣೆಗೆ ನಡೆದ.

ಅಲ್ಲಿನ ಇನ್ಸ್‌ಪೆಕ್ಟರ್ ಮೇಡಂ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಪಕ್ಕದ ಊರಿನ ಲಾರಿಗಳೂ ಬ್ರೇಕ್ ಹಾಕುತ್ತಿದ್ದವು.

"ಮೇಡಂ, ಒಂದು ದಿನ ಸರ್ಕಲ್ ನನ್ನ ಕೈಗೆ ಕೊಡಿ" ಎಂದ, ಪಕ್ಕದ ಮನೆಯಲ್ಲಿ ಸೌಟು ಕೇಳಿದಷ್ಟು ಸಲೀಸಾಗಿ. "ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಕೈ ಕೈ ಮಿಲಾಯಿಸೋ ಹೊತ್ತಲ್ಲಿ ನಡುವೆ ಎರಡು ಸಾಲು ಕುರ್ಚಿ ಹಾಕಿ ಯುದ್ಧ ನಿಲ್ಲಿಸಿದವನು ನಾನು. ಸರ್ಕಲ್ ಯಾವ ಲೆಕ್ಕ?"

"ಮೊದಲು ಕೂತ್ಕೊಳ್ರಿ. ಕುರ್ಚಿ ಹಾಕೋರಿಗೆ ಕೂರೋದನ್ನ ಬೇರೆ ಕಲಿಸ್ಬೇಕಾ?"

ಮೇಡಂ ಬೀರುವಿನಿಂದ ನಕ್ಷೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಸರ್ಕಲ್‌ನ ಮೂಲೆಗಳು ತೀರಾ ಅಗಲ, ಅದಕ್ಕೇ ಗಾಡಿಗಳು ವೇಗ ತಗ್ಗಿಸದೆ ತಿರುಗುತ್ತವೆ. ಮೂಲೆಗಳನ್ನು ಮುಂದಕ್ಕೆ ತಂದು ರಸ್ತೆಯ ಬಾಯಿ ಕಿರಿದು ಮಾಡಬೇಕು. ನಡುವೆ ಒಂದು ಕಟ್ಟೆ ಬೇಕು, ಅರ್ಧ ದಾಟಿ, ನಿಂತು ಉಸಿರು ತೆಗೆದುಕೊಂಡು, ಇನ್ನರ್ಧ ದಾಟಲಿಕ್ಕೆ.

"ಇದನ್ನ ನಾನು ಯಾವತ್ತೋ ಬರೆಸಿಟ್ಟೆ. ರಸ್ತೆ ಕಿರಿದಾದ್ರೆ ಗಾಡಿಗಳ ಸಾಲು ಪೆಟ್ರೋಲ್ ಬಂಕ್ ಮುಟ್ಟುತ್ತೆ ಅಂತಾರೆ ಮೇಲಿನವರು. ಒಂದು ದಿನ ಮಾಡಿ ತೋರ್ಸು ಅಂತಾರೆ. ಅಡ್ಡ ಇಡೋಕೆ ನನ್ನ ಹತ್ರ ಏನಿದೆ? ಎರಡು ಮುರುಕಲು ಬ್ಯಾರಿಕೇಡು."

"ನನ್ನ ಹತ್ರ ಕುರ್ಚಿ ಇವೆ ಮೇಡಂ. ಸಮುದ್ರಕ್ಕೇ ಅಡ್ಡ ಹಾಕುವಷ್ಟು."

"ಹಾಗಾದ್ರೆ ಶನಿವಾರ, ಬೆಳಗಿಂದ ಸಂಜೆವರೆಗೆ. ಬೆನ್ನು ರಸ್ತೆ ಕಡೆ ಮಾಡಿ, ಹಗ್ಗ ಬಿಗಿದು ಬೇಲಿ ಥರ ಕಟ್ಬೇಕು. ಸಾಲು ಬಂಕ್ ಮುಟ್ತು ಅಂದ್ರೆ ಆ ಕ್ಷಣವೇ ಎತ್ತಿಸ್ತೀನಿ. ಮುಟ್ಟಲಿಲ್ಲ ಅಂದ್ರೆ ಸಿಮೆಂಟಲ್ಲಿ ಪಕ್ಕಾ ಮಾಡಿಸೋದು ನನ್ನ ಜವಾಬ್ದಾರಿ."

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಮೇಡಂ ಮೂಲೆಗಳಿಗೂ, ನಡುವೆ ಕಟ್ಟೆ ಬರುವ ಜಾಗಕ್ಕೂ, ಗಾಡಿ ನಿಲ್ಲಬೇಕಾದಲ್ಲಿಗೂ ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿದರು. ಕುರ್ಚಿಯಪ್ಪ ತನ್ನ ಆಳುಗಳಿಗೆ "ಗೆರೆ ಒಳಗೆ ಕುರ್ಚಿ ಹಾಕ್ರೋ" ಎಂದು ಕೂಗಿ ಹಗ್ಗ ತರಲು ಹೋದ. ಅಷ್ಟೇ ಅವನು ಮಾಡಿದ ತಪ್ಪು. ಆ ಆಳುಗಳ ಕೈಗೆ ಹುಟ್ಟಿದಾಗಿನಿಂದ ಒಂದೇ ವಿದ್ಯೆ ಗೊತ್ತು. ಅವನು ಬರುವಷ್ಟರಲ್ಲಿ ಐದೂ ಮೂಲೆಗಳಲ್ಲಿ ಸಾಲು ಸಾಲಾಗಿ, ನೂಲು ಹಿಡಿದಂತೆ, ಎಲ್ಲ ಕುರ್ಚಿಗಳೂ ಸರ್ಕಲ್‌ನತ್ತ ಮುಖಮಾಡಿ ಕೂತಿದ್ದವು. ಮುಂದಿನ ಸಾಲಿನಲ್ಲಿ ಗಣ್ಯರಿಗೆಂದು ಮೆತ್ತನೆಯ ಸೋಫಾ ಬೇರೆ!

"ಏನ್ರೀ ಇದು? ಸರ್ಕಲ್‌ನಲ್ಲಿ ನಾಟಕ ಹಾಕ್ತೀರಾ?" ಎಂದು ಮೇಡಂ ಗುಡುಗಿದರು.

ತಿರುಗಿಸಲು ಹೊತ್ತೆಲ್ಲಿತ್ತು? ಮೊದಲ ಬಸ್ಸು ಆಗಲೇ ಬಂದಾಗಿತ್ತು. ಅದಕ್ಕಿಂತ ಮುಂಚೆ ಜನ ಬಂದಾಗಿತ್ತು. ಖಾಲಿ ಕುರ್ಚಿ ಕಂಡರೆ ಯಾರು ಬಿಡುತ್ತಾರೆ? ಸೊಪ್ಪು ಕೊಂಡು ಬಂದ ಮುದುಕರೊಬ್ಬರು ಕೂತರು. ಅವರು ಯಾಕೆ ಕೂತರೆಂದು ನೋಡಲು ನಾಲ್ವರು ಕೂತರು. ಕುರ್ಚಿಯಪ್ಪನ ಲೆಕ್ಕದಲ್ಲಿ ಹೇಳುವುದಾದರೆ ಅರ್ಧ ಗಂಟೆಯಲ್ಲಿ ಅರ್ಧ ಭೂಮಂಡಲ ಅಲ್ಲಿ ಕೂತಿತ್ತು. ಅತ್ತೆ ಸೋಫಾ ಹಿಡಿದು, ಪಕ್ಕದ ಜಾಗಕ್ಕೆ ಕೈಚೀಲ ಇಟ್ಟು, "ಯಾವಾಗ ಶುರು?" ಎಂದು ಕೇಳಿದರು.

ಶುರುವಾದದ್ದು ಗೊಂದಲ. ಜನ ಕೂತು ನೋಡುತ್ತಿರುವುದನ್ನು ಕಂಡು ಗಾಡಿಯವರೂ ಏನೋ ಇದೆಯೆಂದು ನಿಂತು ನೋಡತೊಡಗಿದರು. ಇವರನ್ನು ಅವರು, ಅವರನ್ನು ಇವರು! ಹಿಂದಿದ್ದವರು ಹಾರ್ನ್ ಒತ್ತಿದರು, ಅವರ ಹಿಂದಿದ್ದವರು ಅವರಿಗಿಂತ ಜೋರಾಗಿ ಒತ್ತಿದರು. ಸಾಲು ಹಾವಿನಂತೆ ಬೆಳೆಯಿತು. ಔಷಧಿ ಅಂಗಡಿ ದಾಟಿತು, ಬ್ಯಾಂಕು ದಾಟಿತು. ಬಂಕಿನ ಹುಡುಗಿಯರು ಕೈಯಲ್ಲಿ ಪೈಪು ಹಿಡಿದೇ ಇಣುಕಿದರು.

"ಇನ್ನು ನಾಲ್ಕು ಗಾಡಿ ನೋಡ್ರಿ, ಆಮೇಲೆ ಎತ್ತಿಸ್ತೀನಿ" ಎಂದರು ಮೇಡಂ.

ಸಭೆ ಕೆಟ್ಟಾಗ ಕುರ್ಚಿಯಪ್ಪನಿಗೆ ಗೊತ್ತಿದ್ದ ಮದ್ದು ಒಂದೇ. ಅಂಗಡಿಗೆ ನುಗ್ಗಿ ಮೈಕ್ ಹಿಡಿದುಕೊಂಡು ಬಂದ.

"ಮಹಾಜನಗಳೇ! ನೀಲಿ ಕಾರಿನ ಅಣ್ಣ ಗೆರೆ ಹಿಂದೆ ನಿಲ್ಸಿದಾರೆ, ನೋಡಿ! ಅಜ್ಜಿ ದಾಟ್ತಿದಾರೆ, ನೋಡಿ! ಅಣ್ಣಂಗೆ ಒಂದು ಚಪ್ಪಾಳೆ!"

ಬಿತ್ತು ನೋಡಿ ಚಪ್ಪಾಳೆ! ಮೋಡಗಳು ಬೆದರಿ ದೂರ ಸರಿದವು. ನೀಲಿ ಕಾರಿನವನಿಗೆ ಮದುವೆಯ ದಿನವೂ ಅಷ್ಟು ಚಪ್ಪಾಳೆ ಸಿಕ್ಕಿರಲಿಲ್ಲ. ಕನ್ನಡಿಯಲ್ಲಿ ಕ್ರಾಪು ತಿದ್ದಿಕೊಂಡು ರಾಜಗಾಂಭೀರ್ಯದಿಂದ ಹೊರಟ. ಹಿಂದಿನವನು ತಾನೇನು ಕಡಿಮೆ ಎಂದು ಗೆರೆಗಿಂತ ಎರಡು ಮಾರು ಹಿಂದೆಯೇ ನಿಂತ. ಅಡ್ಡ ನುಗ್ಗಿದವನಿಗೆ ಐದು ಮೂಲೆಯಿಂದ ಒಟ್ಟಿಗೆ "ಅಯ್ಯಯ್ಯೋ" ಬಿತ್ತು. ಅವನು ಹೆಲ್ಮೆಟ್ಟಿನೊಳಗೇ ಬೆವರಿದ. ಬಸ್ಸಿನ ಡ್ರೈವರೊಬ್ಬ ಗೆರೆ ತುಳಿದದ್ದೇ ತಡ, ಸೋಫಾದಿಂದ ಅತ್ತೆ ಎದ್ದರು.

"ಏನಪ್ಪಾ, ಅಷ್ಟು ದೊಡ್ಡ ಗಾಜು ಕೊಟ್ಟಿದಾರೆ, ಗೆರೆ ಕಾಣಲ್ವಾ?"

"ಕಾಣುತ್ತಮ್ಮ, ನಿಮ್ಮನ್ನ ನೋಡಿ ಮರೆತೆ."

"ಹಿಂದಕ್ಕೆ ತಗೋ. ಇನ್ನೊಂದ್ಸಲ ಸರಿಯಾಗಿ ಬಾ. ಚಪ್ಪಾಳೆ ಹೊಡೀತೀವಿ."

ಅವನು ನಿಜವಾಗಿಯೂ ಹಿಂದಕ್ಕೆ ತೆಗೆದುಕೊಂಡ! ಯಾರೂ ಯಾರ ಮೂತಿಗೂ ಗಾಡಿ ತುರುಕದೆ ಹೋದದ್ದರಿಂದ ಸಾಲು ಕರಗಿತು. ಬ್ಯಾಂಕಿಗೆ ಬಂತು, ಔಷಧಿ ಅಂಗಡಿಗೆ ಬಂತು. ಊಟದ ಹೊತ್ತಿಗೆ ಸಾಲು ಎನ್ನುವುದೇ ಉಳಿಯಲಿಲ್ಲ. ದಾಟುವವರು ನಡುವಿನ ಸುಣ್ಣದ ಕಟ್ಟೆಯಲ್ಲಿ ನಿಂತು, ಉಸಿರು ತೆಗೆದುಕೊಂಡು, ನಾಲ್ಕು ಮಾತಾಡಿ ಮುಂದೆ ಹೋಗುತ್ತಿದ್ದರು.

ಆಗ ಕುರ್ಚಿಯಪ್ಪನ ಕಣ್ಣಿಗೆ ಈಚೆ ದಡದ ಕುರ್ಚಿ ಅಂಗಡಿಯ ಬಾಗಿಲಲ್ಲಿ ನಿಂತ ಹೆಂಡತಿ ಕಂಡಳು. ಮುಂಗಾಲಿನ ಮೇಲೆ ನಿಂತಿದ್ದಳು, ಇನ್ನೇನು ಹೊರಡುವವಳಂತೆ. ಸುಮ್ಮನಿದ್ದಿದ್ದರೆ ಎಲ್ಲ ಅಲ್ಲೇ ಮುಗಿದುಹೋಗುತ್ತಿತ್ತು. ಆದರೆ ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿದರೇ?

"ಮಹಾಜನಗಳೇ! ಈಗ ದಾಟ್ತಾರೆ ನೋಡಿ, ನಮ್ಮ ಮನೆಯವರು! ಕೈ ಮುರಿದ್ರೂ ಎದೆ ಮುರೀದ ವೀರನಾರಿ!"

ಕೂತ ಭೂಮಂಡಲವೆಲ್ಲ ಒಮ್ಮೆಗೇ ಕುತ್ತಿಗೆ ತಿರುಗಿಸಿತು. ಅವಳ ಮುಖ ಕೆಂಪಾಯಿತು. ಹೆಜ್ಜೆ ಹಿಂದೆ ಇಟ್ಟು ಒಳಗೆ ಹೋದಳು. ಅವನು ಮೈಕ್ ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಓಡಿದ.

"ಯಾಕೇ? ಎಲ್ಲಾ ಗಾಡಿ ನಿಂತಿದ್ವಲ್ಲ!"

"ನಾನೇನು ಮೆರವಣಿಗೆ ಬೊಂಬೇನಾ?" ಎಂದಳು. ಆಮೇಲೆ ದನಿ ತಗ್ಗಿಸಿದಳು. "ನೋಡಿ, ಇವತ್ತು ನೀವು ಕೂಗ್ತಿದೀರಿ, ಊರೇ ಕೂತು ನೋಡ್ತಿದೆ, ಅದಕ್ಕೆ ನಿಲ್ತಿದಾರೆ. ನಾಳೆ ಕುರ್ಚಿ ಮದುವೆಗೆ ಹೋಗುತ್ತೆ. ನಾಳಿದ್ದು ನಿಮ್ಮ ಗಂಟಲು ಕಟ್ಟುತ್ತೆ. ಆಮೇಲೆ ನನ್ನನ್ನ ನೋಡಿ ಯಾರು ಗಾಡಿ ನಿಲ್ಲಿಸ್ತಾರೆ? ಯಾರೂ ನೋಡದೇ ಇದ್ದಾಗ ದಾಟೋಕೆ ಆಗ್ಬೇಕು ರೀ."

ಕುರ್ಚಿಯಪ್ಪನ ಹಿಂದೆ ಬಂದು ನಿಂತಿದ್ದ ಮೇಡಂ ಹೇಳಿದರು: "ಅವರು ಹೇಳೋದು ಸರಿ. ಮೇಲಿನವರೂ ಇದನ್ನೇ ಕೇಳ್ತಾರೆ. ಚಪ್ಪಾಳೇನ ಸಿಮೆಂಟಲ್ಲಿ ಕಟ್ಟೋಕಾಗಲ್ವಲ್ಲ. ಕುರ್ಚಿ ಎತ್ತಿಸಿ."

"ಎತ್ತಿಸಿದ ಮೇಲೆ ಮತ್ತೆ ನುಗ್ಗಿದ್ರೆ?"

"ನುಗ್ಗಿದ್ರೆ ನನ್ನ ನಕ್ಷೆ ಸುಳ್ಳು."

ಕುರ್ಚಿಯಪ್ಪ ತನ್ನ ಜೀವನದಲ್ಲಿ ಅಷ್ಟು ಭಾರದ ಕುರ್ಚಿಗಳನ್ನು ಎತ್ತಿಸಿರಲಿಲ್ಲ. ಪ್ರೇಕ್ಷಕರನ್ನು ಎಬ್ಬಿಸುವುದು ಹಲ್ಲು ಕೀಳುವಷ್ಟೇ ಕಷ್ಟವಾಯಿತು. ಅತ್ತೆಯನ್ನು ಸೋಫಾ ಸಮೇತವೇ ಒಳಗೆ ಒಯ್ಯಬೇಕಾಯಿತು. ಕುರ್ಚಿಗಳಿದ್ದ ಗೆರೆಯ ಮೇಲೆ, ಮರಳು ತುಂಬಿದ ಡಬ್ಬಿಗಳಲ್ಲಿ ಕಂಬ ನಿಲ್ಲಿಸಿ ಹಗ್ಗ ಬಿಗಿದರು. ನಡುವಿನ ಕಟ್ಟೆಯ ಸುತ್ತಲೂ ಹಾಗೆಯೇ. ಜನ ಚದುರಿದರು. ಮೈಕಿನ ತಂತಿ ಕಿತ್ತರು. ಮೇಡಂ ಕೂಡ ಯಾರಿಗೂ ಕಾಣದಂತೆ ಕುರ್ಚಿ ಸಾಗಿಸುವ ವ್ಯಾನಿನೊಳಗೆ ಕೂತರು.

ಸಂಜೆಯ ಗಾಡಿಗಳು ಶುರುವಾದವು. ಇವು ಬೆಳಗಿನ ಚಪ್ಪಾಳೆ ಕೇಳಿದ ಗಾಡಿಗಳಲ್ಲ. ಮನೆಗೆ ಹೋಗುವ ಹಸಿದ ಗಾಡಿಗಳು. ಮೊದಲ ಕಾರು ಹಳೇ ಅಭ್ಯಾಸದಂತೆ ಬಾಣವಾಗಿ ಬಂತು. ತಿರುವಿನಲ್ಲಿ ಜಾಗವೇ ಇಲ್ಲ! ಬಾಣ ಬಗ್ಗಿತು, ನಿಧಾನವಾಯಿತು, ಆಮೆಯಾಗಿ ತಿರುಗಿತು. ಹಿಂದೆಯೇ ಲಾರಿ. ಅದೂ ಬಸುರಿ ಎಮ್ಮೆಯಂತೆ ತೂಗಿ ತೂಗಿ ತಿರುಗಿತು. ಸಾಲು ಬೆಳೆಯಿತು, ಔಷಧಿ ಅಂಗಡಿಯ ಮುಂದೆ ಬಂತು, ಅಲ್ಲಿಂದ ಒಂದು ಗೇಣು ಆಚೆ ಹೋಗಲಿಲ್ಲ. ಕುರ್ಚಿಯಪ್ಪನಿಗೆ ಕುಣಿಯಬೇಕೆನಿಸಿತು, ಕೂಗಬೇಕೆನಿಸಿತು, ಲೋಕಕ್ಕೆಲ್ಲ ಸಾರಬೇಕೆನಿಸಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮಾತುಗಳು ಒಳಗೇ ಉಬ್ಬಿ ಅಂಗಿಯ ಗುಂಡಿ ಹಾರಿಹೋಯಿತು.

ಅವಳು ಹೊರಬಂದಳು. ಅವನ ಕಡೆ ನೋಡಲಿಲ್ಲ. ಹಗ್ಗದ ತುದಿಯಲ್ಲಿ ನಿಂತು ಬಲಕ್ಕೆ ನೋಡಿದಳು. ದೂರದಿಂದ ಬೈಕೊಂದು ಕೂಗಿಕೊಂಡು ಬರುತ್ತಿತ್ತು. ಅವಳ ಇನ್ನೊಂದು ಕೈ ತಾನಾಗಿ ಮುರಿದ ಮಣಿಕಟ್ಟನ್ನು ಹಿಡಿದುಕೊಂಡಿತು. ಬೈಕು ಮೂಲೆಗೆ ಬಂತು, ಹಗ್ಗ ಕಂಡು ಸವಾರ ಬ್ರೇಕ್ ಹಿಡಿದ, ಕಾಲು ನೆಲಕ್ಕೂರಿದ. ಅವನು ಅವಳನ್ನು ನೋಡಿದನೋ ಇಲ್ಲವೋ. ನೋಡಬೇಕಾಗಿಯೂ ಇರಲಿಲ್ಲ, ತಿರುವೇ ಅವನನ್ನು ನಿಧಾನ ಮಾಡಿತ್ತು. ಅವಳು ರಸ್ತೆಗೆ ಇಳಿದಳು. ನಡೆದಳು, ಓಡಲಿಲ್ಲ. ನಡುವಿನ ಕಟ್ಟೆಯಲ್ಲಿ ನಿಂತು ಮಣಿಕಟ್ಟನ್ನು ಬಿಟ್ಟಳು, ಸೆರಗು ಸರಿಮಾಡಿಕೊಂಡು ಎಡಕ್ಕೆ ನೋಡಿದಳು. ಬಸ್ಸೊಂದು ಹಾದುಹೋಯಿತು. ಇನ್ನರ್ಧವನ್ನೂ ದಾಟಿದಳು.

ಕಿಟಕಿಯಲ್ಲಿ ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, "ಬಸ್ಸಿನ ಧೂಳು" ಎಂದರು.

ಎದುರಿನ ಷಟರು ಗಡಗಡ ಮೇಲೆದ್ದಿತು. ಜಾಗ ಅಳೆದುಕೊಳ್ಳಲು ಬಂದಿದ್ದ ಮೊಬೈಲ್ ಅಂಗಡಿಯವನು ಮೆಟ್ಟಿಲ ಮೇಲೆ ನಿಂತಿದ್ದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಪ್ಯಾಂಟಿನ ಒಂದು ಕಾಲು ಗಿಡ್ಡ ಇದೆ. ಸರಿ ಮಾಡಿಸೋದಿದ್ರೆ ಒಳಗೆ ಬನ್ನಿ. ಬೀಗದ ಕೈಗೆ ಬಂದಿದ್ರೆ, ಅದನ್ನ ನಾನು ಕೊಡಲ್ಲ."

ಕುರ್ಚಿಯಪ್ಪ ರಸ್ತೆ ದಾಟಿ ಬರುವಷ್ಟರಲ್ಲಿ ಮಿಷನ್ ಸದ್ದು ಶುರುವಾಗಿತ್ತು. ಹೇಳಬೇಕಾದ ಸಾವಿರ ಮಾತು ಗಂಟಲಲ್ಲಿ ತುಂಬಿಕೊಂಡು ಬಾಗಿಲಲ್ಲಿ ನಿಂತ. ವ್ಯಾನಿನಿಂದಿಳಿದ ಮೇಡಂ ರಸ್ತೆಯಾಚೆಯಿಂದ ಹೆಬ್ಬೆರಳೆತ್ತಿ, "ಸೋಮವಾರ ಸಿಮೆಂಟು!" ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

"ಕೇಳಿಸ್ತೇನೇ? ನಾನಲ್ಲದೆ ಈ ಸರ್ಕಲ್‌ನ ಈ ಜನ್ಮದಲ್ಲಿ..."

"ಬಾಗಿಲು ಬಿಟ್ಟು ನಿಂತ್ಕೊಳ್ಳಿ ರೀ" ಎಂದಳು ಹೆಂಡತಿ, ತುಟಿ ನಡುವೆ ಗುಂಡುಸೂಜಿ ಕಚ್ಚಿಕೊಂಡೇ. "ಕತ್ತಲಾಗ್ತಿದೆ. ನಾಳೆಗೆ ಎಂಟು ಲಂಗ ಮುಗಿಸ್ಬೇಕು. ಮತ್ತೆ ಆ ಅಂಗಿ ಬಿಚ್ಚಿ ಕೊಡಿ ಇಲ್ಲಿ, ಗುಂಡಿ ಹಾಕ್ತೀನಿ. ಊರ ಮುಂದೆ ಎದೆ ತೆರ್ಕೊಂಡು ಓಡಾಡ್ತಿದೀರಲ್ಲ, ನಾಚಿಕೆ ಆಗಲ್ವಾ?"

ಆ ಬೈಗುಳವನ್ನು ಕುರ್ಚಿಯಪ್ಪ ಕಣ್ಣು ಮುಚ್ಚಿಕೊಂಡು, ಕೊನೆಯ ಅಕ್ಷರದವರೆಗೂ ಕೇಳಿಸಿಕೊಂಡ.