ಮೀಟರಣ್ಣನ ಫೋನು

ಆಕೆ ಬಚ್ಚಲುಮನೆಯ ಬಾಗಿಲನ್ನು ಭುಜದಿಂದ ತಳ್ಳಿದಾಗ ಮೈದುನ ಕನ್ನಡಕವನ್ನು ಹಣೆಗೇರಿಸಿಕೊಂಡು ಅಣ್ಣನ ಫೋನಿನ ಮೇಲೆ ನಾಲ್ಕನೆಯ ಅಂಕಿ ಒತ್ತುತ್ತಿದ್ದ.

"ಕೊಡಪ್ಪ ಇಲ್ಲಿ."

"ಅತ್ತಿಗೆ, ಒಂದೇ ನಿಮಿಷ..."

"ಕೊಡು ಅಂದೆ."

ಕೊಡುವುದಕ್ಕೇನೋ ಕೊಟ್ಟ, ಆದರೆ ಅಷ್ಟರಲ್ಲಿ ಅವನ ಬೆರಳು ಉಳಿದೆರಡು ಅಂಕಿಗಳನ್ನೂ ಒತ್ತಿ ಮುಗಿಸಿತ್ತು. ಫೋನು ಒಮ್ಮೆ ಗುರ್ ಎಂದಿತು. ಪರದೆಯ ಮೇಲೆ ಎರಡು ಸಾಲು ಮೂಡಿದವು. ಅಂಕಿ ತಪ್ಪಾಗಿದೆ, ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಿ. ಇನ್ನೊಂದು ಸಲ ತಪ್ಪಿದರೆ ಫೋನಿನಲ್ಲಿರುವುದೆಲ್ಲವೂ ಅಳಿಸಿಹೋಗುತ್ತದೆ.

ಆಕೆ ಅದನ್ನು ಎರಡು ಸಲ ಓದಿದಳು. ಹೊರಗಿನ ಕೋಣೆಯಲ್ಲಿ ಬಾಡಿಗೆ ಕುರ್ಚಿಗಳನ್ನು ಎಳೆಯುವ ಸದ್ದು ಕೇಳುತ್ತಿತ್ತು. ಅಲ್ಲಿ, ಕಿಟಕಿಯ ಕೆಳಗೆ, ಆಕೆಯ ಗಂಡ ಪೆಟ್ಟಿಗೆಯೊಳಗೆ ಮಲಗಿದ್ದ. ಮಧ್ಯಾಹ್ನಕ್ಕೆ ಸ್ಮಶಾನಕ್ಕೊಯ್ಯುವ ಗಾಡಿ ಬರಲಿತ್ತು. ಅದು ಬರುವುದರೊಳಗೆ ಆಕೆಗೆ ಬೇಕಾಗಿದ್ದದ್ದು ಒಂದೇ. ನಿನ್ನೆ ಬೆಳಿಗ್ಗೆ ಅವನು ತೆಗೆದುಕೊಂಡು ಬಂದ, ಸಂಜೆ ತೋರಿಸುತ್ತೇನೆ ಎಂದಿದ್ದ ಆ ಒಂದು ಫೋಟೊ. ಅವನು ಮನೆಯಲ್ಲಿರುವಾಗಲೇ ಅದನ್ನು ನೋಡಿಬಿಡಬೇಕು. ಆಮೇಲೆ ನೋಡಿದರೆ ಅದು ಬೇರೆ, ಕೊಟ್ಟ ಮಾತಿಗೆ ಸೇರುವುದಿಲ್ಲ ಎಂದು ಆಕೆಯ ಮನಸ್ಸು ಹಟ ಹಿಡಿದಿತ್ತು.

ಗಲಾಟೆ ಕೇಳಿ ಮಗನೂ ಮಗಳೂ ಓಣಿಯಂಥ ಆ ಇಕ್ಕಟ್ಟು ನಡುಮನೆಗೆ ಬಂದರು. ನಾಲ್ವರೂ ಪಿಸುದನಿಯಲ್ಲೇ ಜಗಳಕ್ಕೆ ನಿಂತರು.

"ಯಾವ ನಂಬರ್ ಹಾಕಿದ್ರಿ ಚಿಕ್ಕಪ್ಪ?" ಮಗ ಕೇಳಿದ.

"ನಂದೇ ಕಣೋ. ನಾನು ಹುಟ್ಟಿದ ತಾರೀಖು. ನನ್ನ ಎತ್ತಿ ಆಡಿಸಿದವನು ಅವನು. ಅದಕ್ಕೇ ಅಂದ್ಕೊಂಡೆ."

"ಒಂದೇ ಸಲಾನಾ?"

"ಮೊದಲು ತಾರೀಖು ಮುಂದೆ. ಆಮೇಲೆ ಇಸವಿ ಮುಂದೆ." ಮೈದುನ ನೆಲ ನೋಡಿದ. "ಎರಡು ಸಲ. ಆದ್ರೆ ನಾನು ಮುಟ್ಟೋಕೆ ಮುಂಚೇನೇ ಅದು ಸುಮಾರು ತಪ್ಪು ತೋರಿಸ್ತಿತ್ತಪ್ಪ. ನನ್ನೊಬ್ಬನ ತಲೆಗೆ ಕಟ್ಟಬೇಡಿ."

ಕುಂಬಳಕಾಯಿ ಕಳ್ಳ ಎಂದರೆ ಎಲ್ಲರೂ ಹೆಗಲು ಮುಟ್ಟಿಕೊಂಡರು. ಫೋನು ಕೊಡಿಸಿದವಳು ತಾನು, ಆದ್ದರಿಂದ ತನ್ನದೇ ತಾರೀಖು ಇರಬೇಕು ಎಂದು ಮಗಳು ಅಡುಗೆಮನೆಯಲ್ಲಿ ಪ್ರಯತ್ನಿಸಿದ್ದಳು. ಒಬ್ಬನೇ ಗಂಡುಮಗ ತಾನು, ಇನ್ಯಾರದ್ದು ಇಟ್ಟಾರು ಎಂದು ಮಗ ಮೆಟ್ಟಿಲ ಬಳಿ ಒತ್ತಿ ನೋಡಿದ್ದ, ತನ್ನದಲ್ಲದಿದ್ದರೆ ಮೊಮ್ಮಗನದ್ದಿರಬೇಕು ಎಂದು ಅದನ್ನೂ ಒತ್ತಿದ್ದ. ಒಬ್ಬರಿಗೂ ಇನ್ನೊಬ್ಬರ ತಾರೀಖು ಇರಬಹುದು ಎಂಬ ಅನುಮಾನ ಸುಳಿದಿರಲಿಲ್ಲ.

ಆಕೆ ಬಾಯಿ ಬಿಡಲಿಲ್ಲ. ಬೆಳಗಿನ ಜಾವ ಎಲ್ಲರೂ ಟೀ ಕುಡಿಯುತ್ತಿದ್ದಾಗ ಆಕೆಯೂ ಒತ್ತಿದ್ದಳು. ಮದುವೆಯಾದ ದಿನ. ತೆರೆಯಲಿಲ್ಲ. ತನ್ನ ಬೆರಳೇ ತಪ್ಪಿರಬೇಕೆಂದು ಮತ್ತೊಮ್ಮೆ ಒತ್ತಿದ್ದಳು. ಆಗಿನಿಂದ ಎದೆಯೊಳಗೆ ಮುಳ್ಳು ಮುರಿದಂತೆ ಅದು ಚುಚ್ಚುತ್ತಲೇ ಇತ್ತು.

"ನಿನ್ನೆ ಚಾರ್ಜ್ ಮುಗಿದು ಆಫ್ ಆಗದೇ ಇದ್ದಿದ್ರೆ ಇಷ್ಟೆಲ್ಲ ತಾಪತ್ರಯ ಇರ್ತಿರ್ಲಿಲ್ಲ," ಎಂದ ಮಗ. "ಈಗ ಆ ಆರು ಅಂಕಿ ಬಿಟ್ರೆ ಬೆರಳಚ್ಚು, ಮುಖ ಯಾವುದಕ್ಕೂ ಅದು ಬಗ್ಗಲ್ಲ."

ಮಗಳು ದನಿ ಇನ್ನಷ್ಟು ತಗ್ಗಿಸಿದಳು. "ಅದು ಹಾಗಿರಲಿ. ನಮ್ಮ ಯಾರದ್ದೂ ಅಲ್ಲ ಅಂದ್ರೆ, ಅಪ್ಪ ಮತ್ತೆ ಯಾರದ್ದು ಇಟ್ಟಿದ್ರು?"



*

ನೀರಿನ ಮೀಟರ್ ಓದುವ ಕೆಲಸದಲ್ಲಿ ಆಯುಷ್ಯ ಸವೆಸಿದ ಮನುಷ್ಯ. ಮನೆಮನೆಯ ಮುಂದೆ ಬಗ್ಗಿ, ಕಬ್ಬಿಣದ ಮುಚ್ಚಳ ಎತ್ತಿ, ಅಂಕಿ ಬರೆದುಕೊಂಡು ಮುಂದಿನ ಮನೆಗೆ. ಆ ದೊಡ್ಡ ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಮೀಟರಣ್ಣ.

ನಿವೃತ್ತಿ ಬಂತು, ಆದರೆ ಕಾಲಿಗೆ ಕಟ್ಟಿದ ಚಕ್ರ ಬಿಚ್ಚಲಿಲ್ಲ. ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಚಪ್ಪಲಿ ಹುಡುಕುವನು. ಹಾಗೆ ಸುತ್ತಿ ಎಲ್ಲಾದರೂ ಬಿದ್ದರೆ ಸುದ್ದಿಯಾದರೂ ತಿಳಿಯಲಿ ಎಂದು ಮಗಳು ಫೋನು ಕೊಡಿಸಿದಳು. ಅವನು ಅದರಲ್ಲಿ ಮಾತಾಡಿದ್ದು ಅಷ್ಟಕ್ಕಷ್ಟೇ. ಫೋಟೊ ತೆಗೆಯಲು ಶುರುಮಾಡಿದ.

ಊರನ್ನು ತೆಗೆದ. ಮೇಲುಸೇತುವೆಯ ಕಂಬಗಳ ನಡುವೆ ಒಣಹಾಕಿದ ಅಂಗಿಗಳು. ಕೆಡವಿದ ಮನೆಯ ಪಕ್ಕದ ಗೋಡೆಯಲ್ಲಿ ಉಳಿದುಹೋದ, ಎಲ್ಲಿಗೂ ಹೋಗದ ಮೆಟ್ಟಿಲಿನ ಗುರುತು. ಬಸ್ಸಿನ ಕಿಟಕಿಗೆ ಹಣೆ ಒತ್ತಿ ನಿದ್ದೆಹೋದ ದಾದಿ. ಗಾಜಿನ ಕಟ್ಟಡದಲ್ಲಿ ಬಿದ್ದ ಎದುರು ಕಟ್ಟಡದ ಬಿಂಬ, ಅದರ ಮೇಲೆ ಹಗ್ಗಕ್ಕೆ ಜೋತುಬಿದ್ದು ಗಾಜು ಒರೆಸುವವನು. ಅಂಗಿಯ ಚುಂಗಿನಿಂದ ಫೋನಿನ ಕಣ್ಣು ಒರೆಸಿ, ಮೀಟರ್ ಓದುವಾಗ ಕೂರುತ್ತಿದ್ದಂತೆಯೇ ಕುಕ್ಕರಗಾಲಲ್ಲಿ ಕೂತು ತೆಗೆಯುತ್ತಿದ್ದ. ತಮ್ಮ ತನ್ನ ಹಳೆಯ ಕ್ಯಾಮೆರಾ ಕೊಡಲು ಬಂದರೆ ಬೇಡವೆಂದ.

"ಅದನ್ನ ಹಿಡಿದ್ರೆ ಜನ ತಲೆ ಬಾಚಿಕೊಂಡು ನೆಟ್ಟಗೆ ನಿಲ್ತಾರೆ ಕಣೋ. ಫೋನ್ ಹಿಡಿದ ಮುದುಕನ್ನ ಯಾರು ನೋಡ್ತಾರೆ? ಮಗಳಿಗೆ ಫೋನ್ ಹಚ್ಚೋಕೆ ಒದ್ದಾಡ್ತಿದ್ದಾನೆ ಅಂದ್ಕೋತಾರೆ."

ಫೋಟೊಗಳ ಇನ್ನೊಂದು ಪ್ರತಿಯನ್ನು ದೂರದ ಕಂಪ್ಯೂಟರಿನಲ್ಲಿ ಇಟ್ಟುಬಿಡೋಣ ಎಂದು ಮಗಳು ಗೋಗರೆದಳು. ಅದಕ್ಕೂ ಒಲ್ಲೆ. "ನನ್ನ ಊರನ್ನ ಯಾರದೋ ಮನೆ ಅಟ್ಟದ ಮೇಲೆ ಯಾಕಿಡಲಿ?"

ಸಂಜೆ ಅಡುಗೆಮನೆಯ ಮೇಜಿನ ಬಳಿ ಕೂತು, ಇದು ನೋಡೇ, ಇದೊಂದು ನೋಡು ಎಂದು ಹೆಂಡತಿಯ ಮುಂದೆ ಹಿಡಿಯುವನು. ಆಕೆಗೆ ರೇಗುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಂದೂ ಬಿಡುವಳು. ಕೆಲಸದಲ್ಲಿದ್ದಷ್ಟು ವರ್ಷ ಹಗಲನ್ನೆಲ್ಲ ಊರು ತಿಂದಿತ್ತು. ಮುದಿತನವಾದರೂ ತನ್ನ ಪಾಲಿಗೆ ಬರುತ್ತದೆ ಎಂದುಕೊಂಡಿದ್ದರೆ, ಅದನ್ನೂ ಊರೇ ಕಿತ್ತುಕೊಂಡಿತು. ಸವತಿಯಾದರೆ ಜಡೆ ಹಿಡಿದು ಕೇಳಬಹುದು, ಊರಿಗೆ ಜಡೆಯೆಲ್ಲಿ?

*

ಅರ್ಧ ಗಂಟೆ ಕಳೆಯುತ್ತ ಬಂದಾಗ ಅಪರಿಚಿತ ಹೆಂಗಸೊಬ್ಬಳು ಒಳಗೆ ಬಂದಳು. ನಲವತ್ತರ ಆಸುಪಾಸು. ಕೆಲಸದ ಕೋಟಿನಲ್ಲೇ ಬಂದಿದ್ದಳು, ಜೇಬಿನಿಂದ ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ಇಣುಕುತ್ತಿತ್ತು. ಯಾರನ್ನೂ ಮಾತಾಡಿಸದೆ ಪೆಟ್ಟಿಗೆಯ ಬಳಿ ನಿಂತು, ಬಿಕ್ಕಿ ಬಿಕ್ಕಿ ಅತ್ತಳು.

"ಯಾರಮ್ಮ ಅದು?" ಮಗಳು ತಾಯಿಯ ಕಿವಿಯಲ್ಲಿ ಕೇಳಿದಳು.

ಆಕೆಯದು ಐವತ್ತು ವರ್ಷದ ಹತ್ತಿರದ ಸಂಸಾರ, ಇಂಥ ದಿನ ಇಂಥ ಯೋಚನೆ ಬರಬಾರದು. ಬಂತು. ಎದ್ದು ನೇರ ಅವಳ ಮುಂದೆ ಹೋಗಿ ನಿಂತಳು.

"ನಿಮ್ಮ ಗುರುತು ಸಿಗಲಿಲ್ಲ."

"ನಾನು ಫೋನ್ ರಿಪೇರಿ ಅಂಗಡಿಯವಳು. ದೊಡ್ಡ ಬಸ್ ನಿಲ್ದಾಣದ ಎದುರಿಗೆ." ಹೆಂಗಸು ಮೂಗು ಒರೆಸಿಕೊಂಡಳು. "ಮೀಟರಣ್ಣ ಫೋನ್ ಬೀಳಿಸ್ಕೊಂಡಾಗೆಲ್ಲ ಗಾಜು ಹಾಕಿಕೊಟ್ಟವಳು ನಾನೇ ಅಮ್ಮ. ದಿನಾ ಬರೋರು. ತೆಗೆದದ್ದೆಲ್ಲ ತೋರಿಸೋರು."

ದಿನಾ. ಆ ಮಾತು ಆಕೆಗೆ ಹೊಡೆದಂತೆ ತಾಗಿತು. ಇಲ್ಲಿ ಮೇಜಿನ ಬಳಿ ತಾನು ಮುಖ ತಿರುಗಿಸಿಕೊಂಡು ನೋಡದೇ ಬಿಟ್ಟಿದ್ದನ್ನು ಅಲ್ಲಿ ಇನ್ನೊಬ್ಬಳು ನೋಡುತ್ತಿದ್ದಳು.

"ನೀವು ನೋಡ್ತಿದ್ರಾ?"

"ಸುಳ್ಳು ಯಾಕೆ ಹೇಳಲಿ. ಗಿರಾಕಿಗಳು ನಿಂತಿರ್ತಿದ್ರು. ಹೂಂ ಹೂಂ ಅಂತಿದ್ದೆ ಅಷ್ಟೇ. ಈಗ ಅದಕ್ಕೇ ಸಂಕಟ ಆಗ್ತಿದೆ."

ಆಕೆಯ ಬಿಗಿದ ಕೈ ಸಡಿಲವಾಯಿತು. ಅವಳ ರಟ್ಟೆ ಹಿಡಿದು ನಡುಮನೆಗೆ ಕರೆತಂದು, ಮಕ್ಕಳ ಮತ್ತು ಮೈದುನನ ಮುಂದೆ ನಿಲ್ಲಿಸಿದಳು. "ಈ ಫೋನಿನ ಬೀಗ ನಿಮಗೆ ಗೊತ್ತಾ?"

"ಹಾಕಿಕೊಟ್ಟಿದ್ದೇ ನಾನು. ಒಂದ್ಸಲ ಬಸ್ಸಲ್ಲಿ ಜೇಬಿಗೆ ಕೈ ಹಾಕಿದ್ರಂತೆ ಯಾರೋ. ಅವತ್ತೇ ಓಡಿಬಂದು, ಕಳ್ಳನ ಕೈಗೆ ನನ್ನ ಊರು ಸಿಗಬಾರದು, ಸುಮ್ಮನೆ ಒತ್ತುತ್ತಾ ಕೂತ್ರೆ ಎಲ್ಲಾ ಅಳಿಸಿಹೋಗೋ ಹಾಗೆ ಮಾಡು ಅಂದ್ರು. ಮನೇಲಿ ಯಾರದ್ದಾದ್ರೂ ಹುಟ್ಟಿದ ತಾರೀಖು ಇಡಿ ಅಂದೆ. ಆಗಲ್ಲ ಅಂದ್ರು."

"ಯಾಕೆ?" ಮೂವರೂ ಒಟ್ಟಿಗೆ ಕೇಳಿದರು.

"ಒಬ್ಬರದ್ದು ಇಟ್ರೆ ಇನ್ನೊಬ್ಬರು ಮುನಿಸ್ಕೋತಾರೆ ಕಣಮ್ಮ ಅಂದ್ರು. ಅಲ್ದೆ ಯಾರ ತಾರೀಖೂ ನನಗೆ ಸರಿಯಾಗಿ ನೆನಪಿಲ್ಲ, ಮನೇಲಿ ಹೇಳಬೇಡ ಅಂತಾನೂ ಅಂದ್ರು." ಹೆಂಗಸಿನ ಅಳುವಿನೊಳಗಿಂದ ಸಣ್ಣ ನಗು ಬಂತು. "ಕೊನೆಗೆ ಒಂದು ಎರಡು ಮೂರು ನಾಲ್ಕು ಐದು ಆರು ಅಂತಿಟ್ವಿ."

ಮೈದುನ ಗೋಡೆಗೆ ಒರಗಿಬಿಟ್ಟ. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು, ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

"ಆದ್ರೆ ಒಂದು ಮಾತು," ಎಂದಳು ಹೆಂಗಸು. "ಹೋದ ತಿಂಗಳು ನಾನು ಬೈದಿದ್ದೆ. ಇದು ಹಸುಗೂಸಿಗೂ ಗೊತ್ತಾಗುತ್ತೆ ಮೀಟರಣ್ಣ, ಬದಲಾಯಿಸಿ ಅಂತ. ಸರಿ ನೋಡ್ತೀನಿ ಅಂದಿದ್ರು. ಬದಲಾಯಿಸಿದ್ರೋ ಇಲ್ವೋ ನನಗೆ ಗೊತ್ತಿಲ್ಲ."

ಕೆಳಗೆ ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು.

"ಬೇಡಮ್ಮ," ಎಂದ ಮಗ. "ಇರೋದು ಒಂದೇ ಸಲ. ತಪ್ಪಿದ್ರೆ ಅಷ್ಟೂ ವರ್ಷದ್ದು ಹೋಯ್ತು. ಎಲ್ಲಾ ಮುಗಿದ ಮೇಲೆ ದೊಡ್ಡ ಅಂಗಡಿಗೆ ತಗೊಂಡು ಹೋಗೋಣ."

"ಅವರಿಗೂ ತೆಗೆಯೋಕಾಗಲ್ಲ," ಎಂದಳು ಹೆಂಗಸು ಮೆಲ್ಲಗೆ. "ಆದ್ರೆ ನಾನು ಒತ್ತಿ ಅಂತ ಹೇಳಲ್ಲ. ಆ ಪಾಪ ನನಗೆ ಬೇಡ."

*

ನಿನ್ನೆ ಅವನು ಎಂದಿಗಿಂತ ಬೇಗ ಬಂದಿದ್ದ. ಬಾಗಿಲಲ್ಲೇ ಸ್ಟೂಲಿನ ಮೇಲೆ ಕೂತು ಚಪ್ಪಲಿ ಬಿಚ್ಚುತ್ತ ಏದುಸಿರು ಬಿಡುತ್ತಿದ್ದ. ಮುಖ ಮಾತ್ರ ಗೆದ್ದುಬಂದವನ ಹಾಗಿತ್ತು.

"ಇವತ್ತು ಸಿಕ್ತು ಕಣೇ. ಇಷ್ಟು ವರ್ಷ ತೆಗೆದದ್ದು ಒಂದು ತೂಕ, ಇದೊಂದೇ ಒಂದು ತೂಕ. ಬಾ ಇಲ್ಲಿ."

ಆಕೆ ಹಾಸಿಗೆಯ ಹೊದಿಕೆಗಳನ್ನು ಹಿಂಡುತ್ತಿದ್ದಳು. ಮೊಣಕೈವರೆಗೆ ನೊರೆ.

"ನಿಮ್ಮ ಗೋಡೆ, ಕಂಬ ಎಲ್ಲಿಗೂ ಓಡಿಹೋಗಲ್ಲ. ಸಂಜೆ ನೋಡ್ತೀನಿ."

"ಸರಿ. ಸಂಜೆ ತೋರಿಸ್ತೀನಿ," ಎಂದು ಅವನು ಕುರ್ಚಿಗೆ ಹೋಗಿ ಕೂತ. ಬೇಜಾರೇನೂ ಮಾಡಿಕೊಳ್ಳಲಿಲ್ಲ. ಅದೇ ಈಗ ಆಕೆಯನ್ನು ಸುಡುತ್ತಿತ್ತು. ಹೊದಿಕೆ ಒಣಹಾಕಿ ಬಂದಾಗ ಅವನ ತಲೆ ವಾಲಿತ್ತು, ಫೋನು ಕುರ್ಚಿಯ ಕೆಳಗೆ ಬಿದ್ದಿತ್ತು.

*

ಗಾಡಿಯವರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಹೊರಡೋಣವಾ ಎಂದು ಕೇಳಿದರು.

"ಸ್ವಲ್ಪ ತಡೀರಿ," ಎಂದಳು ಆಕೆ.

ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಮಗ ಕೈ ಹಿಡಿಯಲು ಬಂದ.

"ಅಮ್ಮ, ಅಪ್ಪ ಬದಲಾಯಿಸಿದ್ರೆ?"

"ನಿಮ್ಮಪ್ಪ ಈ ಮನೇಲಿ ಒಂದು ಬಲ್ಬ್ ಬದಲಾಯಿಸಿದ್ದು ನೋಡಿದೀಯಾ?" ಎಂದಳು. ಧೈರ್ಯಕ್ಕೆ ಆಡಿದ ಮಾತು. ತಪ್ಪಿದರೆ ಅವನನ್ನು ಇನ್ನೊಮ್ಮೆ ಕಳೆದುಕೊಂಡಂತೆ, ಈ ಸಲ ತನ್ನ ಕೈಯಾರೆ.

ಒಂದು. ಎರಡು. ಮೂರರ ಮೇಲೆ ಬೆರಳು ಜಾರಿ ಪಕ್ಕದ ಅಂಕಿಯನ್ನು ಮುಟ್ಟುವಂತಾಯಿತು. ಕೈ ಹಿಂದಕ್ಕೆಳೆದುಕೊಂಡು, ಬಟ್ಟೆಗೆ ಒರೆಸಿ, ಮತ್ತೆ ಒತ್ತಿದಳು. ಮೂರು. ನಾಲ್ಕು. ಐದು. ಆರು.

ಪರದೆ ಒಂದು ಕ್ಷಣ ಕಪ್ಪಾಯಿತು. ಆಮೇಲೆ ತೆರೆಯಿತು.

ಮಗಳು ಮುಂದೆ ಬಗ್ಗಿ ಎಲ್ಲಿ ಒತ್ತಬೇಕೆಂದು ತೋರಿಸಿದಳು. ಸಾವಿರಾರು ಸಣ್ಣ ಚೌಕಗಳು, ಎಲ್ಲಕ್ಕಿಂತ ಕೊನೆಯಲ್ಲಿ ಅದು. ಆಕೆ ಮುಟ್ಟಿದಳು, ದೊಡ್ಡದಾಯಿತು. ಯಾವುದೋ ಎತ್ತರದಿಂದ ತೆಗೆದದ್ದು, ಸೂರ್ಯನಿಗೆ ಎದುರಾಗಿ. ತಾರಸಿಗಳು, ನೀರಿನ ತೊಟ್ಟಿಗಳು, ರೈಲು ಹಳಿ, ಕ್ರೇನುಗಳು, ಅದರಾಚೆ ಮತ್ತೆ ತಾರಸಿಗಳು. ಎಲ್ಲದರ ಮೇಲೂ ಒಂದೇ ಹೊಂಬಣ್ಣದ ಬೆಳಕು. ಇಡೀ ಊರು ಆಗಷ್ಟೇ ಮುಖ ತೊಳೆದು ಕೂತಂತಿತ್ತು. ಆದರೆ ಬಲಗಡೆಯ ಕಾಲುಭಾಗ ಏನೂ ಕಾಣುತ್ತಿರಲಿಲ್ಲ. ಅಲ್ಲಿ ಮಸುಕು ಮಸುಕಾದ ಕೆಂಪು.

"ಅಯ್ಯೋ, ಬೆರಳು ಅಡ್ಡ ಬಂದಿದೆ," ಎಂದ ಮೈದುನ. "ಇಂಥ ಫೋಟೊ ಹಾಳು ಮಾಡ್ಕೊಂಡ್ನಲ್ಲ."

"ಪರವಾಗಿಲ್ಲ ಚಿಕ್ಕಪ್ಪ, ಆ ಭಾಗ ಕತ್ತರಿಸಿಬಿಡಬಹುದು," ಎಂದು ಮಗ ಕೈ ಚಾಚಿದ. "ಇಲ್ಲಿ ಕೊಡಮ್ಮ."

ಆಕೆ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. ಆ ಕೆಂಪಿನ ಮೇಲೆ ಎರಡು ಬೆರಳಿಟ್ಟು ಅಗಲಿಸಿದಳು, ಮಗಳು ಮಾಡುವುದನ್ನು ನೋಡಿದ್ದಳು. ಕ್ರೇನುಗಳು ಪರದೆಯ ಅಂಚಿನಾಚೆ ಸರಿದವು. ಮತ್ತೆ ಅಗಲಿಸಿದಳು. ರೈಲು ಹಳಿ ಹೋಯಿತು, ತಾರಸಿಗಳು ಹೋದವು, ಕೊನೆಯ ನೀರಿನ ತೊಟ್ಟಿಯೂ ಹೋಯಿತು. ಇನ್ನು ಪರದೆಯ ತುಂಬ ಅವನ ಬೆರಳೊಂದೇ, ಬಿಸಿಲು ಚರ್ಮದೊಳಗಿಂದ ಹಾದು ಬಂದು ಕೆಂಪಗೆ ಹೊಳೆಯುತ್ತಿತ್ತು.